ಕ್ಯಾನ್ಸರ್ ಕೋಶಕ್ಕೆ ಡೈ ಹಾಕುವಾಗ

ಬಸಳೆ ಎಲೆಯನ್ನು ಸ್ವಲ್ಪ ಸ್ಪಿರಿಟ್ಟಿನಲ್ಲಿ ಅರೆದು ಸೋಸಿ, ಕತ್ತಲೆ ಕೋಣೆಯಲ್ಲಿ ನೋಟು ನೋಡುವ ಯುವಿ ಟಾರ್ಚು ಹಿಡಿಯಿರಿ. ಹಸಿರು ರಸ ಕಡುಗೆಂಪಾಗಿ ಹೊಳೆಯುತ್ತದೆ. ಕ್ಲೋರೋಫಿಲ್ ನೇರಳೆ ಬೆಳಕನ್ನು ಹೀರಿ, 670 ನ್ಯಾನೋಮೀಟರಿನ ಆಸುಪಾಸಿನಲ್ಲಿ ಕೆಂಪು ಬೆಳಕು ಬಿಡುತ್ತದೆ. ಹೀರಿದ್ದಕ್ಕಿಂತ ಬಿಟ್ಟ ಬೆಳಕಿನ ತರಂಗಾಂತರ ಹೆಚ್ಚು ಎಂದು ಭೌತವಿಜ್ಞಾನಿ ಸ್ಟೋಕ್ಸ್ 1852ರಲ್ಲೇ ತೋರಿಸಿದ್ದರು. ಕೋಶಗಳ ಚಿತ್ರ ತೆಗೆಯಲು ಬಳಸುವ ಪ್ರತಿದೀಪ್ತಿ (ಫ್ಲೋರೆಸೆಂಟ್) ಡೈಗಳೂ ಹೀಗೆಯೇ ಹೊಳೆಯುತ್ತವೆ.

ಬದಿಯಡ್ಕ, ಮಂಜೇಶ್ವರದ ಕಡೆಯಿಂದ ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯಕ್ಕೋ ಮಂಗಳೂರಿಗೋ ಪ್ರಾಜೆಕ್ಟಿಗೆ ಹೋಗುವ ಮಕ್ಕಳು ಇದನ್ನು ಒಮ್ಮೆ ಮಾಡಿ ನೋಡಬೇಕು. ಊರಿನ ಗಿಡದ ಸಾರವನ್ನು ಹೀಲಾ ಎಂಬ ಕ್ಯಾನ್ಸರ್ ಕೋಶಗಳಿಗೆ ಹಾಕಿ ನೋಡುವ ಆಸೆ ಹಲವರಿಗಿರುತ್ತದೆ. ಎಲೆಯ ಆಲ್ಕೋಹಾಲ್ ಸಾರದಲ್ಲಿ ಕ್ಲೋರೋಫಿಲ್ ಇದ್ದೇ ಇರುತ್ತದೆ. ಅರಸಿನದ ಕರ್ಕ್ಯುಮಿನ್ ಸೂಕ್ಷ್ಮದರ್ಶಕದ ಹಸಿರು ಚಾನೆಲಿನಲ್ಲಿ ಹೊಳೆಯುತ್ತದೆ. ಹಾಗಾಗಿ ಸಾರ ಮಾತ್ರ ಹಾಕಿ ಡೈ ಹಾಕದ ಒಂದು ವೆಲ್ (ಕೋಶ ಬೆಳೆಸುವ ತಟ್ಟೆಯ ಗುಳಿ) ಇಡದೆ ತೆಗೆದ ಚಿತ್ರವನ್ನು ನಂಬುವಂತಿಲ್ಲ.

ಕ್ಯಾನ್ಸರನ್ನು ಗುರುತಿಸುವ ಶಕ್ತಿ ಯಾವ ಡೈಗೂ ಇಲ್ಲ. ಅದು ಗುರುತಿಸುವುದು ವಿದ್ಯುದಾವೇಶವನ್ನೋ, ಕೋಶದ ಮೇಲಿನ ಗ್ರಾಹಕವನ್ನೋ (ರಿಸೆಪ್ಟರ್), ಕಿಣ್ವವನ್ನೋ. ರೋಡಮಿನ್ 123 ಎಂಬ ಡೈ ಧನಾವೇಶದ ಅಣು. ಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯದ ಒಳಗಿನ ಋಣ ವಿಭವ (ವೋಲ್ಟೇಜ್) ಅದನ್ನು ಸೆಳೆಯುತ್ತದೆ. ಹಲವು ಕ್ಯಾನ್ಸರ್ ಕೋಶಗಳಲ್ಲಿ ಈ ವಿಭವ ಹೆಚ್ಚು, ಆದ್ದರಿಂದ ಡೈ ಹೆಚ್ಚು ಸೇರುತ್ತದೆ. ಆದರೆ ಹೃದಯದ ಸ್ನಾಯುಕೋಶವೂ ಅದನ್ನು ಚೆನ್ನಾಗಿ ಹಿಡಿದಿಟ್ಟುಕೊಳ್ಳುತ್ತದೆ. 2011ರಲ್ಲಿ ಜಪಾನಿನ ಉರಾನೊ ತಂಡ ಪ್ರಕಟಿಸಿದ ಸ್ಪ್ರೇ ಡೈ, ಗಾಮಾ-ಗ್ಲುಟಮೈಲ್ ಟ್ರಾನ್ಸ್‌ಪೆಪ್ಟಿಡೇಸ್ ಕಿಣ್ವ ಅದರ ಗ್ಲುಟಮೇಟ್ ತುಂಡನ್ನು ಕತ್ತರಿಸಿದ ಮೇಲಷ್ಟೇ ಹೊಳೆಯುತ್ತದೆ. ತೊಳೆಯುವ ಕೆಲಸವೇ ಇಲ್ಲದ ಸೊಗಸಾದ ಉಪಾಯ. ಆದರೆ ಆರೋಗ್ಯವಂತ ಮೂತ್ರಪಿಂಡದಲ್ಲೂ ಆ ಕಿಣ್ವ ಧಾರಾಳವಾಗಿದೆ.

ಫೋಲೇಟ್ (ಒಂದು ಬಿ ವಿಟಮಿನ್, ಫೋಲಿಕ್ ಆಮ್ಲ ಅದರ ಒಂದು ರೂಪ) ಜೋಡಿಸಿ, ಕೋಶದ ಫೋಲೇಟ್ ಗ್ರಾಹಕವನ್ನು ಹಿಡಿಯುವಂತೆ ಮಾಡಿದ ಡೈಗಳಲ್ಲಿ ಎಡವುವುದು ಬೇರೆ ಕಡೆ. ಅಂಡಾಶಯದ ಕ್ಯಾನ್ಸರ್ ಶಸ್ತ್ರಚಿಕಿತ್ಸೆಗೆ ಅಮೆರಿಕದಲ್ಲಿ 2021ರಲ್ಲಿ ಒಪ್ಪಿಗೆ ಪಡೆದ ಪಫೋಲಾಸಯನಿನ್ ಈ ಜಾತಿಯದು. ಲ್ಯಾಬಿನಲ್ಲಿ ಇಂಥ ಡೈ ಹಾಕಿ ಏನೂ ಕಾಣಲಿಲ್ಲವೆಂದಾದರೆ ಮೊದಲು ಮೀಡಿಯದ (ಕೋಶ ಬೆಳೆಸುವ ಪೋಷಕ ದ್ರವದ) ಬಾಟಲಿ ನೋಡಿ. ಸಾಮಾನ್ಯ ಆರ್‌ಪಿಎಂಐ 1640 ಮೀಡಿಯದಲ್ಲಿ ಲೀಟರಿಗೆ 1 ಮಿಲಿಗ್ರಾಂ ಫೋಲಿಕ್ ಆಮ್ಲವಿದೆ, ಅಂದರೆ ಸುಮಾರು 2.3 ಮೈಕ್ರೋಮೋಲಾರ್. ನೀವು ಹಾಕುವ 100 ನ್ಯಾನೋಮೋಲಾರ್ ಡೈಗಿಂತ ಇಪ್ಪತ್ತು ಪಟ್ಟಿಗೂ ಮಿಕ್ಕಿದ ಫೋಲಿಕ್ ಆಮ್ಲ ಮೊದಲೇ ಗ್ರಾಹಕಗಳನ್ನು ಹಿಡಿದು ಕೂತಿರುತ್ತದೆ. ಫೋಲೇಟ್ ಇಲ್ಲದ ಆರ್‌ಪಿಎಂಐನಲ್ಲಿ ಕೋಶ ಬೆಳೆಸಿ. ಪಕ್ಕದ ವೆಲ್ಲಿಗೆ ಡೈಗಿಂತ ಅರ್ಧ ಗಂಟೆ ಮೊದಲು 1 ಮಿಲಿಮೋಲಾರ್ ಫೋಲಿಕ್ ಆಮ್ಲ ಕೊಡಿ. ಅಲ್ಲಿ ಹೊಳಪು ಇಳಿಯದಿದ್ದರೆ ಡೈ ಗ್ರಾಹಕದ ಮೂಲಕ ಒಳಹೋಗಿಲ್ಲ, ಎಲ್ಲೋ ಸುಮ್ಮನೆ ಅಂಟಿಕೊಂಡಿದೆ. ಗ್ರಾಹಕ ಕಡಿಮೆಯಿರುವ ಎ549 (ಶ್ವಾಸಕೋಶದ ಕ್ಯಾನ್ಸರ್) ಕೋಶಗಳನ್ನೂ ಹೋಲಿಕೆಗೆ ಜೊತೆಗಿಡುವುದು ವಾಡಿಕೆ.

ಇನ್ನು ಸ್ಟಾಕ್, ಅಂದರೆ ಡೈಯ ಗಟ್ಟಿ ದ್ರಾವಣ. ಹೆಚ್ಚಿನ ಡೈಗಳನ್ನು ಡಿಎಂಎಸ್‌ಒ ಎಂಬ ದ್ರಾವಕದಲ್ಲಿ 1 ಮಿಲಿಮೋಲಾರ್ ಮಾಡಿ ಫ್ರೀಜರಿನಲ್ಲಿಡುತ್ತಾರೆ. ಡಿಎಂಎಸ್‌ಒ 18.5 ಡಿಗ್ರಿಗೇ ಕರಗುವುದರಿಂದ ನಮ್ಮ ಕರಾವಳಿಯ ಸೆಕೆಗೆ ಬೇಗ ನೀರಾಗುತ್ತದೆ. ಆದರೆ ವಯಲ್ (ಪುಟ್ಟ ಸೀಸೆ) ಇನ್ನೂ ತಣ್ಣಗೇ ಇರುತ್ತದೆ. ಆಟಿಯ ಮಳೆಯಲ್ಲಿ ಆಗಲೇ ಮುಚ್ಚಳ ತೆಗೆದರೆ ಗಾಳಿಯ ತೇವ ಹನಿಗಟ್ಟಿ ಒಳಗಿಳಿಯುತ್ತದೆ. ಡಿಎಂಎಸ್‌ಒ ನೀರನ್ನು ಹೀರಿಕೊಳ್ಳುವ ದ್ರಾವಕ. ನಾಲ್ಕಾರು ಸಲ ಹೀಗಾದರೆ ಜಿಡ್ಡಿನ ಸ್ವಭಾವದ ಡೈ ತಳಕ್ಕಿಳಿಯುತ್ತದೆ. 20 ಮೈಕ್ರೋಲೀಟರಿನಂತೆ ಹಂಚಿಟ್ಟು, ಬೇಕಾದ ಒಂದನ್ನೇ ಸಿಲಿಕಾ ಜೆಲ್ ಇರುವ ಡಬ್ಬಿಯಲ್ಲಿ ಇಪ್ಪತ್ತು ನಿಮಿಷ ಇಟ್ಟು ತೆರೆಯಿರಿ.

10 ಮೈಕ್ರೋಲೀಟರ್ ಸ್ಟಾಕನ್ನು 990 ಮೈಕ್ರೋಲೀಟರ್ ಮೀಡಿಯಕ್ಕೆ, ಅದರಿಂದ 100ನ್ನು 900 ಮೈಕ್ರೋಲೀಟರ್ ಮೀಡಿಯಕ್ಕೆ ಹಾಕಿದರೆ 1 ಮೈಕ್ರೋಮೋಲಾರ್ ಡೈ ಸಿಗುತ್ತದೆ, ಡಿಎಂಎಸ್‌ಒ ಶೇ. 0.1ಕ್ಕೆ ನಿಲ್ಲುತ್ತದೆ. ಮೀಡಿಯದಲ್ಲಿ ಸೀರಂ (ರಕ್ತದ ತಿಳಿ ದ್ರವ) ಬೇಡ, ಅದರ ಆಲ್ಬುಮಿನ್ ಡೈಯನ್ನು ಹಿಡಿದಿಡುತ್ತದೆ. ಮೀಡಿಯಕ್ಕೆ ಬಣ್ಣ ಕೊಡುವ ಫೀನಾಲ್ ರೆಡ್ ಕೂಡ ಬೇಡ, ಹಿನ್ನೆಲೆಯ ಹೊಳಪು ಏರುತ್ತದೆ. ಬಳಸುವ ಮೊದಲು ಐದು ನಿಮಿಷ ಸೆಂಟ್ರಿಫ್ಯೂಜ್ ಮಾಡಿ. ಇಲ್ಲವಾದರೆ ಗಂಟುಕಟ್ಟಿದ ಡೈಯ ಚುಕ್ಕಿಗಳನ್ನೇ ಕೋಶದೊಳಗಿನ ಲೈಸೊಸೋಮ್ ಎಂಬ ಚೀಲಗಳು ಎಂದು ಬರೆದುಬಿಡುವ ಅಪಾಯವಿದೆ. ಕೋಶವೇ ಇಲ್ಲದ ಜಾಗದಲ್ಲೂ ಚುಕ್ಕಿ ಕಂಡರೆ ಅದು ಗಂಟು.

37 ಡಿಗ್ರಿಯಲ್ಲಿ ಅರ್ಧ ಗಂಟೆ ಇಟ್ಟು, ಕೊನೆಯ ಹತ್ತು ನಿಮಿಷಕ್ಕೆ ಮಿಲಿಲೀಟರಿಗೆ 1 ಮೈಕ್ರೋಗ್ರಾಂ ಹೋಕ್ಸ್ಟ್ 33342 ಎಂಬ ನೀಲಿ ಡೈ ಸೇರಿಸಿದರೆ ಕೋಶಕೇಂದ್ರ ನೀಲಿಯಾಗುತ್ತದೆ. ಪಿಬಿಎಸ್ ಎಂಬ ಉಪ್ಪಿನ ದ್ರಾವಣದಲ್ಲಿ ಎರಡು ಸಲ ತೊಳೆದು ಕೂಡಲೇ ನೋಡಿ. ರೋಡಮಿನ್ 123 ಹಾಕಿದ ಕೋಶಗಳನ್ನು ಫಾರ್ಮಾಲ್ಡಿಹೈಡಿನಲ್ಲಿಟ್ಟು ನಾಳೆ ನೋಡುತ್ತೇನೆಂದರೆ ಆಗದು. ವಿಭವ ಹೋದೊಡನೆ ಡೈಯೂ ಸೋರಿಹೋಗುತ್ತದೆ.

ಎಲ್ಲಕ್ಕಿಂತ ಹೆಚ್ಚು ದಾರಿ ತಪ್ಪಿಸುವುದು ಕಪ್ಪಗೆ ಕಾಣುವ ಕೋಶ. ಔಷಧಕ್ಕೆ ಜಗ್ಗದ ಹಲವು ಕ್ಯಾನ್ಸರ್ ಕೋಶಗಳ ಪೊರೆಯಲ್ಲಿ ಪಿ-ಗ್ಲೈಕೊಪ್ರೋಟೀನ್ ಎಂಬ ಪಂಪಿದೆ. ಔಷಧವನ್ನು ಹೊರದಬ್ಬುವ ಅದೇ ಪಂಪು ರೋಡಮಿನ್ 123ನ್ನೂ ದಬ್ಬುತ್ತದೆ. ಹಾಗಾಗಿ ಅತ್ಯಂತ ಹಟಮಾರಿ ಕೋಶವೇ ಚಿತ್ರದಲ್ಲಿ ಸತ್ತಂತೆ ಕಾಣಬಹುದು. ಇನ್ನೊಂದು ವೆಲ್ಲಿಗೆ ಪಂಪನ್ನು ತಡೆಯುವ ವೆರಾಪಮಿಲ್ ಹಾಕಿ ನೋಡಿ. ಹೊಳಪು ಮರಳಿದರೆ ಡೈ ಒಳಬಂದು ಹೊರಹೋಗಿತ್ತು ಎಂದಾಯಿತು.

ಸೂಕ್ಷ್ಮದರ್ಶಕದಲ್ಲಿ ಆಟೋ ಎಕ್ಸ್‌ಪೋಷರ್ ಆಫ್ ಮಾಡಿ. ಅದು ಮಂಕಾದ ವೆಲ್ಲನ್ನೂ ಪ್ರಖರವಾಗಿಸಿ ತೋರಿಸುತ್ತದೆ. ಅತಿ ಹೆಚ್ಚು ಹೊಳೆಯುವ ವೆಲ್ಲಿನಲ್ಲಿ ಪಿಕ್ಸೆಲ್‌ಗಳು ತುಂಬಿ ಬಿಳಿಯಾಗದಂತೆ ಸಮಯ ಗೊತ್ತುಮಾಡಿ, ಡೈ ಇಲ್ಲದ ವೆಲ್ ಸೇರಿದಂತೆ ಎಲ್ಲಕ್ಕೂ ಅದನ್ನೇ ಇಟ್ಟುಕೊಳ್ಳಿ. ಮೊದಲು ಕೆಂಪು, ಆಮೇಲೆ ಹಸಿರು, ಕಟ್ಟಕಡೆಗೆ ಹೋಕ್ಸ್ಟ್‌ನ ನೀಲಿ. ಯುವಿ ಮೊದಲೇ ಬಿದ್ದರೆ ಜೀವಂತ ಕೋಶಕ್ಕೆ ಪೆಟ್ಟಾಗುತ್ತದೆ.