ಪ್ಯಾಂಡಾಸ್ ಡಾಕ್ಯುಮೆಂಟೇಶನ್: ಮೊದಲು ಡಿಫಾಲ್ಟ್ ನೋಡಿ

ಶಿರಸಿ ಮಾರುಕಟ್ಟೆಯಲ್ಲಿ ರಾಶಿ, ಚಾಲಿ, ಬೆಟ್ಟೆ ಅಡಿಕೆಗೆ ಎಷ್ಟು ರೇಟು ಬಂತು ಅಂತ ಅಪ್ಪ ಎಕ್ಸೆಲ್‌ನಲ್ಲಿ ಬರೆದಿಡುತ್ತಾರೆ. ಅದನ್ನೇ ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಸಾದಾ ಫೈಲ್) ಮಾಡಿಕೊಂಡು ನಾನು ಪೈಥಾನ್‌ನಲ್ಲಿ ಕೋಷ್ಟಕಗಳನ್ನು ನಿಭಾಯಿಸುವ ಲೈಬ್ರರಿ ಪ್ಯಾಂಡಾಸ್ ಕಲಿಯುತ್ತಿದ್ದೇನೆ.

ಡಾಕ್ಯುಮೆಂಟೇಶನ್‌ನಲ್ಲಿ, ಅಂದರೆ ಲೈಬ್ರರಿಯ ವಿವರಣೆ ಇರುವ ತಾಣದಲ್ಲಿ, ಈ ಫೈಲ್ ಓದುವ ರೀಡ್ ಸಿಎಸ್‌ವಿ ಫಂಕ್ಷನ್‌ನ ಪುಟ ತೆರೆದರೆ ಮೇಲೆಯೇ ಒಂದು ಉದ್ದನೆಯ ಸಾಲು. ಹತ್ತಾರು ಪ್ಯಾರಾಮೀಟರ್ (ನಾವು ಬದಲಿಸಬಹುದಾದ ಆಯ್ಕೆಗಳು), ಬಹುತೇಕ ಎಲ್ಲದರ ಮುಂದೆ ಸಮ ಚಿಹ್ನೆ, ಆಮೇಲೆ ಒಂದು ಮೌಲ್ಯ. ಅದೇ ಡಿಫಾಲ್ಟ್. ನಾವು ಏನೂ ಹೇಳದಿದ್ದರೆ ಲೈಬ್ರರಿ ಅದನ್ನೇ ಹಿಡಿದುಕೊಂಡು ಕೆಲಸ ಮಾಡುತ್ತದೆ. ಎಲ್ಲರೂ ಈ ಸಾಲು ಬಿಟ್ಟು ಸೀದಾ ಕೆಳಗಿನ ಉದಾಹರಣೆಗೆ ಹೋಗುತ್ತಾರೆ, ನಾನೂ ಹಾಗೇ ಮಾಡುತ್ತಿದ್ದೆ.

ತಾರೀಖು ನೋಡಿ. ಪ್ರತಿ ತಿಂಗಳ ಮೊದಲ ವಾರದ ರೇಟು ಮಾತ್ರ ತೆಗೆದುಕೊಂಡು, ತಾರೀಖಿನ ಕಾಲಮ್ಮನ್ನು ತಾರೀಖಾಗಿಯೇ ಓದಿಸುವ ಪಾರ್ಸ್ ಡೇಟ್ಸ್‌ಗೆ ಕೊಟ್ಟೆ. 05/06/2023 ಅಂದರೆ ನಮಗೆ ಜೂನ್ 5, ಅಲ್ವಾ? ಆದರೆ ದಿನ ಮೊದಲು ಬರುತ್ತದೆ ಎಂದು ಹೇಳುವ ಡೇ ಫಸ್ಟ್‌ನ ಡಿಫಾಲ್ಟ್ ಫಾಲ್ಸ್, ಅಂದರೆ 'ಅಲ್ಲ'. ಜೂನ್ 5ರ ರೇಟು ಮೇ 6ಕ್ಕೆ ಹೋಗಿ ಕೂತಿತ್ತು. ಎಲ್ಲ ತಾರೀಖೂ 12ರ ಒಳಗೇ ಇದ್ದಿದ್ದರಿಂದ ತಪ್ಪು ಕಣ್ಣಿಗೂ ಬೀಳಲಿಲ್ಲ. ಡೇ ಫಸ್ಟ್‌ಗೆ ಟ್ರೂ ಕೊಟ್ಟ ಮೇಲೆ ಸರಿಯಾಯಿತು.

ರೇಟಿನ ಕಾಲಮ್ ಇನ್ನೊಂದು ಪಾಠ. 48,500 ಅಂತ ಅಲ್ಪವಿರಾಮ ಹಾಕಿ ಬರೆದರೆ ಪ್ಯಾಂಡಾಸ್ ಅದನ್ನು ಅಂಕಿ ಅಂದುಕೊಳ್ಳುವುದಿಲ್ಲ, ಯಾಕೆಂದರೆ ಸಾವಿರ ಬೇರ್ಪಡಿಸುವ ಚಿಹ್ನೆ ಯಾವುದು ಎಂದು ಹೇಳುವ ಥೌಸಂಡ್ಸ್‌ನ ಡಿಫಾಲ್ಟ್ ನನ್, ಅಂದರೆ 'ಯಾವುದೂ ಇಲ್ಲ'. ಇಡೀ ಕಾಲಮ್ ಬರೀ ಅಕ್ಷರವಾಗಿ ಬರುತ್ತದೆ, ಕೂಡಿಸಿದರೆ ಒಂದರ ಬೆನ್ನಿಗೆ ಒಂದು ಅಂಟಿಕೊಳ್ಳುತ್ತದೆ. ಟೆಂಡರ್ ಆಗದ ದಿನ ಅಪ್ಪ ಸುಮ್ನೆ ಒಂದು ಅಡ್ಡಗೆರೆ ಹಾಕುತ್ತಾರೆ. ಖಾಲಿ ಜಾಗ, ಎನ್‌ಎ, ನಲ್ ಇವನ್ನೆಲ್ಲ ಪ್ಯಾಂಡಾಸ್ ತಾನಾಗಿಯೇ 'ಮೌಲ್ಯ ಇಲ್ಲ' ಅಂತ ತಿಳಿಯುತ್ತದೆ, ಆದರೆ ಆ ಪಟ್ಟಿಯಲ್ಲಿ ಒಂಟಿ ಅಡ್ಡಗೆರೆ ಇಲ್ಲ! ಅದನ್ನು ಎನ್‌ಎ ವ್ಯಾಲ್ಯೂಸ್‌ನಲ್ಲಿ ನಾವೇ ಹೇಳಬೇಕು. ಓದಿಸಿದ ಕೂಡಲೇ ಡಿಟೈಪ್ಸ್, ಅಂದರೆ ಯಾವ ಕಾಲಮ್ ಅಂಕಿ, ಯಾವುದು ಅಕ್ಷರ ಎನ್ನುವ ಪಟ್ಟಿ, ನೋಡುವ ಅಭ್ಯಾಸ ಇಟ್ಟುಕೊಳ್ಳಿ.

ಪುಟದ ಆವೃತ್ತಿಯೂ ನಿಮ್ಮಲ್ಲಿರುವ ಆವೃತ್ತಿಯೂ ಒಂದೇನಾ ಅಂತ ನೋಡಿ. ಹಳೆಯ ಪಾಠಗಳಲ್ಲಿ ಡೇಟಾಫ್ರೇಮ್‌ಗೆ (ಪ್ಯಾಂಡಾಸ್‌ನ ಕೋಷ್ಟಕಕ್ಕೆ) ಸಾಲು ಸೇರಿಸಲು ಅಪೆಂಡ್ ಬಳಸಿರುತ್ತಾರೆ. 1.4ರಲ್ಲೇ ಅದನ್ನು ಬಿಡಿ ಎಂದು ಎಚ್ಚರಿಸಿ, 2023ರಲ್ಲಿ ಬಂದ 2.0ರಲ್ಲಿ ತೆಗೆದೇಬಿಟ್ಟರು. ಈಗ ಕಾನ್‌ಕ್ಯಾಟ್ ಬಳಸಬೇಕು.

ಮಳೆಗಾಲದಲ್ಲಿ ನಮ್ಮ ಕಡೆ ನೆಟ್ ಹೋದರೆ ಬರುವುದು ಯಾವಾಗಲೋ. ಪೈಥಾನ್‌ನಲ್ಲೇ ಹೆಲ್ಪ್ ಅಂತ ಬರೆದು, ಆವರಣದೊಳಗೆ ಫಂಕ್ಷನ್ ಹೆಸರು ಕೊಡಿ. ಅದೇ ಸಾಲು, ಅದೇ ವಿವರಣೆ, ನಿಮ್ಮ ಆವೃತ್ತಿಯದ್ದೇ, ನೆಟ್ ಇಲ್ಲದೆಯೂ ಬರುತ್ತದೆ.