ಸೂಜಿ ಎಲ್ಲಿಗೆ, ಅಲ್ಲಿಗೇ ಏಕೆ?

ಇಂಜೆಕ್ಷನ್ ಸೂಜಿಯ ಕೋನ ಚರ್ಮದೊಳಗೆ 10–15 ಡಿಗ್ರಿ, ಚರ್ಮದಡಿಗೆ 45, ಸ್ನಾಯುವಿಗೆ 90. ಈ ಪಟ್ಟಿ ಎಲ್ಲರಿಗೂ ಬಾಯಿಪಾಠ, ಅದನ್ನು ಬಿಡೋಣ. ಜಾಗ ಮರೆತಾಗ ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಈ ಮದ್ದು ರಕ್ತಕ್ಕೆ ಬೇಗ ಸೇರಬೇಕೋ, ನಿಧಾನವಾಗಿ ಸೇರಬೇಕೋ, ಅಥವಾ ಅಲ್ಲೇ ನಿಂತು ಕೆಲಸ ಮಾಡಬೇಕೋ?

ಸ್ನಾಯುವಿನಲ್ಲಿ ರಕ್ತನಾಳ ಜಾಸ್ತಿ, ಹೀರಿಕೆ ಬೇಗ. ಚರ್ಮದಡಿಯ ಕೊಬ್ಬಿನಲ್ಲಿ ಕಡಿಮೆ, ಹಾಗಾಗಿ ನಿಧಾನ. ಚರ್ಮದೊಳಗೆ ಹೀರಿಕೆ ಇನ್ನೂ ನಿಧಾನ, ಆದರೆ ರೋಗನಿರೋಧಕ ಕೋಶಗಳು ದಟ್ಟವಾಗಿವೆ. ಕ್ಷಯ ತಡೆಯುವ ಬಿಸಿಜಿ ಲಸಿಕೆಗೆ 0.1 ಮಿ.ಲೀ., ಒಂದು ತಿಂಗಳೊಳಗಿನ ಕೂಸಿಗೆ 0.05 ಮಿ.ಲೀ. ಸಾಕಾಗುವುದು ಇದಕ್ಕೇ. ಕ್ಷಯದ ಸೋಂಕು ಪತ್ತೆಹಚ್ಚುವ ಮಾಂಟೂ ಪರೀಕ್ಷೆಯೂ ಚರ್ಮದೊಳಗೇ: ಮದ್ದು ಅಲ್ಲೇ ನಿಂತು 48–72 ಗಂಟೆಯಲ್ಲಿ ಗಟ್ಟಿ ಊತ ತೋರಿಸಬೇಕು.

ಇನ್ಸುಲಿನ್‌ನಲ್ಲಿ ಪದರ ಒಂದೇ ಆದರೂ ಜಾಗ ಬದಲಾದರೆ ವೇಗ ಬದಲಾಗುತ್ತದೆ: ಹೊಟ್ಟೆಯಲ್ಲಿ ಬೇಗ, ತೋಳಿನಲ್ಲಿ ಸ್ವಲ್ಪ ತಡ, ತೊಡೆ ಮತ್ತು ಪೃಷ್ಠದಲ್ಲಿ ಇನ್ನೂ ತಡ. ದಿನಾ ಒಂದೇ ಕಡೆ ಚುಚ್ಚಿದರೆ ಕೊಬ್ಬು ಗಡ್ಡೆಕಟ್ಟಿ ಹೀರಿಕೆಯೇ ಕೆಡುತ್ತದೆ.

ಇನ್ನು ನನ್ನನ್ನು ಬಹಳ ಕಾಡಿದ ವಿಷಯ, ಸೊಂಟದ (ಅಂದರೆ ಪೃಷ್ಠದ) ಇಂಜೆಕ್ಷನ್. ಬೆಂಜಥೀನ್ ಪೆನಿಸಿಲಿನ್ ಎಂಬ ಆಂಟಿಬಯೋಟಿಕ್ ಅಲ್ಲಿಗೆ ಸರಿ. ಹೆಪಟೈಟಿಸ್ ಬಿ, ರೇಬಿಸ್ ಲಸಿಕೆ ಮಾತ್ರ ಅಲ್ಲಿಗೆ ಬೇಡವೇ ಬೇಡ. ಏಕೆ?

ಪೆನಿಸಿಲಿನ್‌ನ ಕಥೆ ಸುಲಭ. ಮದ್ದು ಮಂದ, ಪ್ರಮಾಣ ಹೆಚ್ಚು, ಆದ್ದರಿಂದ ದೊಡ್ಡ ಸ್ನಾಯು ಬೇಕು. ಅದು ವಾರಗಟ್ಟಲೆ ಸ್ವಲ್ಪ ಸ್ವಲ್ಪವೇ ಬಿಡುಗಡೆಯಾಗಲಿ ಎಂಬುದೇ ಉದ್ದೇಶ. ಗಂಟಲು ಸೋಂಕಿನ ಬಳಿಕ ಕೀಲು, ಹೃದಯಕ್ಕೆ ತಗಲುವ ರುಮ್ಯಾಟಿಕ್ ಜ್ವರ ಮರುಕಳಿಸದಂತೆ 3–4 ವಾರಕ್ಕೊಮ್ಮೆ ಕೊಡುವುದು ಅದಕ್ಕೇ.

ಲಸಿಕೆಯ ವಿಷಯ ಬೇರೆ. ಪೃಷ್ಠದಲ್ಲಿ ಸ್ನಾಯುವಿನ ಮೇಲೆ ಕೊಬ್ಬಿನ ಪದರ ದಪ್ಪ. 25 ಮಿ.ಮೀ. ಸೂಜಿ ಅನೇಕ ವಯಸ್ಕರಲ್ಲಿ ಸ್ನಾಯು ಮುಟ್ಟುವುದೇ ಇಲ್ಲ. ಲಸಿಕೆ ಕೊಬ್ಬಿನಲ್ಲೇ ಉಳಿದು ರೋಗದ ವಿರುದ್ಧ ಹೋರಾಡುವ ಪ್ರತಿಕಾಯಗಳು ಸರಿಯಾಗಿ ಹುಟ್ಟುವುದಿಲ್ಲ. ಸರಿ, ಹಾಗಾದರೆ ದಡಾರ-ರುಬೆಲ್ಲಾ ಲಸಿಕೆಯನ್ನು ಬೇಕೆಂದೇ ಚರ್ಮದಡಿ ಕೊಡುತ್ತೇವಲ್ಲ, ಅದು ಹೇಗೆ ಕೆಲಸ ಮಾಡುತ್ತದೆ? ಇಲ್ಲಿಯೇ ಗಂಟು. ದಡಾರ-ರುಬೆಲ್ಲಾ ಜೀವಂತ ಲಸಿಕೆ. ದುರ್ಬಲಗೊಳಿಸಿದ ವೈರಸ್ ದೇಹದೊಳಗೆ ತಾನೇ ಹೆಚ್ಚುತ್ತದೆ. ಹೆಪಟೈಟಿಸ್ ಬಿ, ರೇಬಿಸ್ ಲಸಿಕೆಗಳಲ್ಲಿ ಜೀವಂತ ವೈರಸ್ ಇಲ್ಲ. ಅವು ಹೆಚ್ಚುವುದಿಲ್ಲ, ನಿರೋಧಕ ಕೋಶಗಳನ್ನು ತಲುಪಿದಷ್ಟೇ ಲಾಭ. ಜೊತೆಗೆ ಹೆಪಟೈಟಿಸ್ ಬಿ, ಪೆಂಟಾವೇಲೆಂಟ್‌ನಂಥ (ಐದು ರೋಗಗಳಿಗೆ ಒಂದೇ ಲಸಿಕೆ) ಲಸಿಕೆಗಳಲ್ಲಿ ಅಲ್ಯೂಮಿನಿಯಂ ಲವಣ ಇರುತ್ತದೆ. ಅದು ಕೊಬ್ಬಿಗೆ ಬಿದ್ದರೆ ಉರಿ, ಗಂಟು. ಆದ್ದರಿಂದ ಜೀವಂತ ಲಸಿಕೆಯೋ ಅಲ್ಲವೋ, ಅಲ್ಯೂಮಿನಿಯಂ ಇದೆಯೋ ಎಂಬ ಎರಡನ್ನು ಮೊದಲು ನೋಡಿ; ಯಾವ ಲಸಿಕೆ ಎಲ್ಲಿಗೆ ಎಂಬ ಪಟ್ಟಿಯಲ್ಲಿ ಅರ್ಧ ತಾನಾಗಿ ಹೊಳೆಯುತ್ತದೆ.

ನಾಯಿ ಕಚ್ಚಿದರೆ ಹೊಕ್ಕುಳ ಸುತ್ತ 14 ಇಂಜೆಕ್ಷನ್ ಎಂಬ ಭಯ ಊರಲ್ಲಿ ಇನ್ನೂ ಇದೆ. ಅದು ಕುರಿಯ ಮಿದುಳಿನಿಂದ ಮಾಡುತ್ತಿದ್ದ ಹಳೆಯ ಲಸಿಕೆ. ಪ್ರಮಾಣ ಹೆಚ್ಚಿದ್ದರಿಂದ ಹೊಟ್ಟೆಯ ಚರ್ಮದಡಿ ಕೊಡುತ್ತಿದ್ದರು. ಈಗಿನದು ತೋಳಿಗೆ. ಈ ಮಾತನ್ನು ರೋಗಿಯ ಮನೆಯವರಿಗೆ ಮೊದಲೇ ಹೇಳಬೇಕು, ಹೆದರಿ ಬಾರದೆ ಉಳಿದರೆ ಜೀವಕ್ಕೇ ಅಪಾಯ.

ಸೊಂಟಕ್ಕೆ ಕೊಡಲೇಬೇಕಾದರೆ, ಪೃಷ್ಠದಿಂದ ಕಾಲಿಗಿಳಿಯುವ ಸಯಾಟಿಕ್ ನರಕ್ಕೆ ಸೂಜಿ ತಾಗಬಾರದು, ನೆನಪಿರಲಿ. ಹಿಂಭಾಗಕ್ಕಿಂತ ಪಕ್ಕ ಸುರಕ್ಷಿತ: ಅಂಗೈ ತೊಡೆಮೂಳೆಯ ಉಬ್ಬಿನ ಮೇಲೆ, ತೋರುಬೆರಳು ಸೊಂಟದ ಮೂಳೆಯ ಮುಂತುದಿಗೆ, ನಡುಬೆರಳನ್ನು ಮೂಳೆಯ ಅಂಚಿನುದ್ದಕ್ಕೂ ಹಿಂದಕ್ಕೆ ಚಾಚಿ, ಎರಡರ ನಡುವೆ ಸೂಜಿ. ಕೂಸುಗಳಲ್ಲಿ ಪೃಷ್ಠದ ಸ್ನಾಯು ಇನ್ನೂ ಬಲಿತಿರುವುದಿಲ್ಲ, ಹಾಗಾಗಿ ತೊಡೆಯ ಮುಂಭಾಗದ ಹೊರಬದಿ.

ಅಡ್ರಿನಲಿನ್ ಕೂಡ ತೊಡೆಗೇ. ತೀವ್ರ ಅಲರ್ಜಿಯಲ್ಲಿ ನಿಮಿಷಗಳ ಲೆಕ್ಕ. ತೊಡೆಯ ಸ್ನಾಯುವಿನಿಂದ ಅದು ತೋಳಿಗಿಂತ ಬೇಗ ರಕ್ತ ಸೇರುತ್ತದೆ.

ಕೂಸಿನ ಲಸಿಕೆಯಲ್ಲಿ ಎಡ-ಬಲದ ಗೊಂದಲಕ್ಕೆ: ಪೆಂಟಾವೇಲೆಂಟ್ ಎಡ ತೊಡೆ, ನ್ಯುಮೋನಿಯಾ ತಡೆಯುವ ನ್ಯುಮೋಕಾಕಲ್ ಬಲ ತೊಡೆ. ಬೇರೆ ಬೇರೆ ಕಾಲಿಗೆ ಕೊಟ್ಟರೆ, ಒಂದು ಕಡೆ ಊದಿದಾಗ ಯಾವ ಲಸಿಕೆಯಿಂದ ಎಂದು ಗೊತ್ತಾಗುತ್ತದೆ.