‘ಆ ತರ ಬೇಕು’ ಅಂದರೆ ಯಾವ ತರ?

ಅನಿಮೇಷನ್ ಮಾಡಿಸಲು ಬರುವ ಹುಡುಗರು ಕತೆಗೆ ಮೊದಲು ಹೇಳುವ ಮಾತು ಇದು: ‘ಸರ್, ಲವ್ ಡೆತ್ ಅಂಡ್ ರೋಬಾಟ್ಸ್ ತರ ಬೇಕು.’ ಅದು ನೆಟ್‌ಫ್ಲಿಕ್ಸ್‌ನ ಅನಿಮೇಷನ್ ಸರಣಿ, ಕಂತಿಗೊಂದು ಬೇರೆ ಕತೆ. ಯಾವ ಕಂತಿನ ತರ ಎಂದರೆ ಉತ್ತರವಿಲ್ಲ. 2019ರ ಮೊದಲ ಸೀಸನ್ನಿನಲ್ಲೇ 18 ಕಂತುಗಳಿವೆ. ಒಂದರ ಮುಖ ಇನ್ನೊಂದಕ್ಕಿಲ್ಲ. ‘ದೊಡ್ಡವರಿಗೆ ಅಲ್ವಾ ಸರ್, ರಿಯಲ್ಲಾಗಿ ಇರಲಿ’ ಎನ್ನುತ್ತಾರೆ ಆಮೇಲೆ. ನನಗೆ ತಾಳ್ಮೆ ತಪ್ಪುವುದು ಇಲ್ಲೇ.

ಅದೇ ಸೀಸನ್ನಿನ ‘ಜೀಮಾ ಬ್ಲೂ’ ನೋಡಿ. ರಾಬರ್ಟ್ ವ್ಯಾಲಿ ನಿರ್ದೇಶನ. ಒಬ್ಬ ಕಲಾವಿದನ ಚಿತ್ರಗಳಲ್ಲಿ ಒಂದು ಸಣ್ಣ ನೀಲಿ ಚೌಕ ಬರುತ್ತದೆ. ಚಿತ್ರದಿಂದ ಚಿತ್ರಕ್ಕೆ ದೊಡ್ಡದಾಗುತ್ತದೆ. ಕೊನೆಗೆ ನೋಡಿದರೆ ಅದು ಈಜುಕೊಳದ ಟೈಲ್ಸ್ ಬಣ್ಣ. ಹಾಗಾಗಿ ಇಡೀ ಕಂತು ಚಪ್ಪಟೆ ಬಣ್ಣ, ಚೂಪು ಗೆರೆಗಳಲ್ಲಿದೆ. ಚರ್ಮ, ಬೆವರು, ಧೂಳು ಎಲ್ಲ ತುಂಬಿದ್ದರೆ ಆ ನೀಲಿ ಕಳೆದೇ ಹೋಗುತ್ತಿತ್ತು.

ಈಗ ಅದೇ ಸರಣಿಯ 2022ರ ಕಂತು ‘ಜಿಬಾರೊ’. ಆಲ್ಬರ್ಟೊ ಮಿಯೆಲ್ಗೊ ಅವರದು. ಕಿವಿ ಕೇಳದ ಯೋಧ, ಮೈತುಂಬ ಚಿನ್ನ ಹೊತ್ತ ಹೆಣ್ಣು. ಕತೆ ಇರುವುದೇ ದುರಾಸೆಯ ಮೇಲೆ. ಒಂದೊಂದು ಚಿನ್ನದ ಚೂರೂ ಹೊಳೆಯಬೇಕು, ನೋಡುವವರ ಕೈಯೂ ಮುಂದೆ ಚಾಚಬೇಕು. ಅಲ್ಲಿ ನೈಜತೆ ಬೇಕೇ ಬೇಕು. ನಟರ ಮೈಗೆ ಚಲನೆ ಹಿಡಿಯುವ ಸೆನ್ಸರ್ ಕಟ್ಟಿ ಮಾಡಿದ್ದು ಎಂದು ಜಾಸ್ತಿ ಜನ ನಂಬಿದ್ದಾರೆ. ಅಲ್ಲ, ಅನಿಮೇಟರುಗಳು ಕೂತು ಒಂದೊಂದು ಭಂಗಿಯನ್ನೂ ಕೈಯಾರೆ ಕೂರಿಸಿದ್ದು. ಯಾವ ಸಾಫ್ಟ್‌ವೇರ್ ಎಂದು ಕೇಳುವವರಿಗೆ ನಾನು ಇದನ್ನೇ ಹೇಳುವುದು.

ಇದು ಹೊಸದೂ ಅಲ್ಲ. 1995ರ ಜಪಾನಿನ ಅನಿಮೇಷನ್ ಚಿತ್ರ ‘ಮೆಮೊರೀಸ್’ನಲ್ಲಿ ಮೂರು ಕತೆಗಳಿವೆ. ಅದರಲ್ಲಿ ನಿರ್ದೇಶಕ ಕತ್ಸುಹಿರೊ ಒಟೊಮೊ ಅವರ, ಫಿರಂಗಿ ಹಾರಿಸುವುದೇ ಬದುಕಾದ ಊರಿನ ಕತೆ ಎಲ್ಲೂ ಕತ್ತರಿಸದ ಒಂದೇ ಶಾಟ್‌ನಂತೆ ಸಾಗುತ್ತದೆ. ಆ ಊರಿನಿಂದ ಯಾರಿಗೂ ಬಿಡುಗಡೆ ಇಲ್ಲ, ಕ್ಯಾಮೆರಾಗೂ ಇಲ್ಲ.

ಹೋದ ಸಲ ಒಬ್ಬ ಹುಡುಗ ಆರು ನಿಮಿಷದ ಕತೆ ತಂದಿದ್ದ. ಬಾಹ್ಯಾಕಾಶದಲ್ಲಿ ಒಬ್ಬಳೇ ಮುದುಕಿ, ಕೆಟ್ಟ ರೇಡಿಯೊ ರಿಪೇರಿ ಮಾಡುತ್ತಾಳೆ. ಅವನಿಗೂ ‘ಜಿಬಾರೊ’ ತರವೇ ಬೇಕಿತ್ತು. ‘ನೋಡುವವರ ಕಣ್ಣು ಎಲ್ಲಿ ನಿಲ್ಲಬೇಕಪ್ಪಾ?’ ಎಂದೆ. ತುಂಬ ಹೊತ್ತು ಸುಮ್ನೆ ಕೂತ. ಆಮೇಲೆ, ‘ಅವಳ ಕೈ ಮೇಲೆ ಸರ್. ನಮ್ಮಜ್ಜಿ ಕೈ ಅದು’ ಎಂದ.

ಎಲ್ಲ ಕತೆಗೂ ಇಷ್ಟು ಸಲೀಸಾಗಿ ದಾರಿ ಸಿಗುತ್ತದೆ ಎನ್ನಲಾರೆ. ದುಡ್ಡು, ಸಮಯ ಎರಡೂ ಅಡ್ಡ ಬರುತ್ತವೆ. ಆದರೆ ಅವತ್ತು ಹಡಗು, ಗೋಡೆ, ನಕ್ಷತ್ರ ಎಲ್ಲವನ್ನೂ ಬೂದು ಬಣ್ಣದ ಚಪ್ಪಟೆ ಆಕಾರ ಮಾಡಿದೆವು. ಸುಕ್ಕು, ನರ, ಉಗುರು ಬರೆದದ್ದು ಆ ಎರಡು ಕೈಗಳಿಗೆ ಮಾತ್ರ.